ಅಘನಾಶಿನಿಗೆ ಗಾಳ ಹಿಡಿದು ಹೊರಟ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಡಿಸೆಂಬರಿನಲ್ಲಿ ಕುಮಟಾ ಕಡೆ ಹೋಗಿ ಆದಷ್ಟು ಬಗೆಯ ಮೀನು ಹಿಡಿಯಬೇಕು ಅಂತ ಬರೆದಿದ್ದೀಯ. ಜಾಗ ಚೆನ್ನಾಗಿ ಆರಿಸಿದ್ದೀಯ. ಅಘನಾಶಿನಿ ನದಿಗೆ ಅಣೆಕಟ್ಟಿಲ್ಲ. ಘಟ್ಟದ ಸಿಹಿನೀರು ಮೆಲ್ಲಗೆ ಉಪ್ಪಾಗುತ್ತ ತದಡಿಯ ಅಳಿವೆ ಸೇರುತ್ತದೆ, ನೀರು ಬದಲಾದಂತೆ ಮೀನೂ ಬದಲಾಗುತ್ತದೆ. ಮಳೆಯ ಕೆಂಪುನೀರು ಇಳಿದು ಉಪ್ಪು ಮೇಲೇರುವ ಕಾಲ ಅದು. ಹಾಗಾಗಿ ನಾಲ್ಕೈದು ಕಿಲೋಮೀಟರ್ ಜಾಗ ಬದಲಿಸಿದರೆ ಸಾಕು, ಬೇರೆಯೇ ಮೀನು ಸಿಗುತ್ತದೆ.

ನಿನ್ನ ಸಾಮಾನಿನ ಪಟ್ಟಿ ನೋಡಿದೆ. ಎಲ್ಲವೂ ಚೊಣಕ, ಕೆಂಬೇರಿಯಂಥ ದೊಡ್ಡ ಮೀನುಗಳಿಗೆ ಆಗುವ ದೊಡ್ಡ ಗಾಳಗಳೇ. ಅವನ್ನು ಮನೆಯಲ್ಲಿ ಬಿಡು. ಸಣ್ಣ ಗಾಳವನ್ನು ದೊಡ್ಡ ಮೀನೂ ನುಂಗುತ್ತದೆ, ದೊಡ್ಡ ಗಾಳ ಸಣ್ಣ ಮೀನಿನ ಬಾಯಿಗೇ ಹೋಗುವುದಿಲ್ಲ. ಅಳಿವೆಗೆ 8 ಮತ್ತು 12ನೇ ನಂಬರ್, ಹಳ್ಳಕ್ಕೆ 18ರಿಂದ 22. ನಂಬರ್ ಹೆಚ್ಚಿದಷ್ಟೂ ಗಾಳ ಚಿಕ್ಕದು ಅನ್ನುವುದು ನೆನಪಿರಲಿ.

ಅಳಿವೆಯಲ್ಲಿ ಕಟ್ಟುವ ಕ್ರಮ ಹೀಗೆ: 0.28 ಮಿ.ಮೀ. ತಂಗೂಸಿನ (ನೈಲಾನ್ ದಾರದ) ತುದಿಗೆ 20ರಿಂದ 30 ಗ್ರಾಂ ಸೀಸ. ಅದರಿಂದ ಒಂದು ಗೇಣು ಮೇಲೆ 8ನೇ ನಂಬರಿನ ಗಾಳ, ಅಲ್ಲಿಂದ 40 ಸೆಂ.ಮೀ. ಮೇಲೆ 12ರದ್ದು. ಎರಡೂ 10 ಸೆಂ.ಮೀ. ಕವಲಿನಲ್ಲಿ ತೂಗಲಿ. ಕವಲು ಉದ್ದವಾದರೆ ಮೂಲದಾರಕ್ಕೇ ಸುತ್ತಿಕೊಳ್ಳುತ್ತದೆ. ಬಂಡೆಯ ಕಡೆ ಎಸೆಯುವಾಗ ಸೀಸವನ್ನು ಇನ್ನೂ ತೆಳ್ಳಗಿನ ದಾರದಲ್ಲಿ ಕಟ್ಟು. ಸಿಕ್ಕಿಕೊಂಡರೆ ಸೀಸ ಮಾತ್ರ ಹೋಗುತ್ತದೆ, ಗಾಳ, ಮೀನು ಎರಡೂ ಉಳಿಯುತ್ತವೆ. ಅಲ್ಲಿಗೆ ಹಳೆಯ ನಟ್ಟು ಬೋಲ್ಟೇ ಸಾಕು.

ಸಿಪ್ಪೆ ಸುಲಿದ ಶೆಟ್ಲಿಯನ್ನು (ಸಿಗಡಿ) ಬಟಾಣಿಯಷ್ಟು ಕತ್ತರಿಸಿ ಚುಚ್ಚು, ಗಾಳದ ಮೊನೆ ಹೊರಗಿರಲಿ. ತುಂಡು ದೊಡ್ಡದಾದರೆ ಸಣ್ಣ ಮೀನು ಕಚ್ಚಿ ಕಚ್ಚಿ ಖಾಲಿ ಮಾಡುತ್ತವೆ, ಕೋಲಿಗೆ ಬರೀ ನಡುಕ ಬರುತ್ತದೆ. ಎರೆ ಸದ್ದಿಲ್ಲದೆ ಮಾಯವಾದರೆ ಏಡಿಯ ಕೆಲಸ. ಸೀಸದ ಹತ್ತಿರದ ಗಾಳವನ್ನು ಇನ್ನೊಂದು ಗೇಣು ಎತ್ತು. ಕಾಣೆ ಮೀನು ಬೇಕಾದರೆ ಮರಳುತಳದಲ್ಲಿ ಸೀಸವನ್ನು ಮೆಲ್ಲಗೆ ಎಳೆಯುತ್ತಿರು. ನೀರಿನ ಮೇಲ್ಮೈಯ ಸೂಜಿಮೂತಿ ಮೀನುಗಳಿಗೆ ಬೆಂಡು ಕಟ್ಟಿ, ಒಂದಡಿ ಕೆಳಗೆ ಶೆಟ್ಲಿಯ ತೆಳುಪಟ್ಟಿ. ಉಬ್ಬರದ ಕೊನೆಯ ಎರಡು ಗಂಟೆ, ಇಳಿತದ ಮೊದಲ ಗಂಟೆ ಒಳ್ಳೆಯವು. ನೀರು ನಿಂತಾಗ ಊಟ ಮುಗಿಸಿಕೋ.

ಒಂದೇ ಬಗೆ ಮೂರು ಸಲ ಬಂತು ಅಂದರೆ ಆ ಜಾಗ ಬಿಡು, ಇಲ್ಲವೇ ಆಳ ಬದಲಿಸು. ಚೆನ್ನಾಗಿ ಕಚ್ಚುವ ಜಾಗ ಬಿಟ್ಟು ಏಳುವುದು ಕಷ್ಟ. ಆದರೆ ನಿನ್ನ ಲೆಕ್ಕಕ್ಕೆ ನಾಲ್ಕನೆಯ ಮೀನಿನಿಂದ ಏನೂ ಸೇರುವುದಿಲ್ಲ.

ಹಳ್ಳಕ್ಕೆ ರೀಲು ಬೇಡ. ಮೂರು ಮೀಟರ್ ಕೋಲು, ಅಷ್ಟೇ ಉದ್ದದ 0.12 ಮಿ.ಮೀ. ದಾರ, ಬೆಂಕಿಕಡ್ಡಿಯಷ್ಟು ಬೆಂಡು, ಸಾಸಿವೆ ಗಾತ್ರದ ಗೋಧಿಹಿಟ್ಟಿನ ಉಂಡೆ. ಜಪಾನಿನವರು ಎರಡು ಮೂರು ಇಂಚಿನ ತಾನಾಗೊ ಮೀನಿಗೆ ಮಾಡಿದ ಗಾಳ ಸಿಕ್ಕರೆ ತಗೋ, ನಮ್ಮ ಹಳ್ಳದ ಪುಟ್ಟ ಮೀನುಗಳಾದ ಡೇನಿಯೊ, ರಾಸ್ಬೋರಾಗಳ ಬಾಯಿಗೆ ಅದು ಸರಿಹೊಂದುತ್ತದೆ. ಜೋರಾಗಿ ಎಳೆದರೆ ತುಟಿ ಹರಿಯುತ್ತದೆ, ಮಣಿಕಟ್ಟು ಎತ್ತಿದರೆ ಸಾಕು.

ನಿಜವಾದ ಕೆಲಸ ಶುರುವಾಗುವುದು ಮೀನು ಕೈಗೆ ಬಂದ ಮೇಲೆ. ಹೆಸರು ಗೊತ್ತಾಗದ ಮೀನನ್ನು ಲೆಕ್ಕಕ್ಕೆ ಹಿಡಿಯಬೇಡ. ಊರಿನ ಹೆಸರು ಇಲ್ಲಿ ಸಾಲದು: ಕೆಂಬೇರಿ ಅನ್ನುವ ಒಂದೇ ಹೆಸರಿನಡಿ ಹಲವು ಜಾತಿ ಬರುತ್ತವೆ. ಟೆರಪಾನ್ ಎಂಬ ಪಟ್ಟೆಮೀನು ಸಿಕ್ಕರೆ ಮೈಮೇಲಿನ ಪಟ್ಟೆ ನೋಡು. ಬಿಲ್ಲಿನಂತೆ ಬಾಗಿದ್ದರೆ ಜರ್ಬುವಾ, ನೇರವಾಗಿದ್ದರೆ ಬೇರೆ ಜಾತಿ. ಪೋನಿಫಿಶ್ ಎಂಬ ಬೆಳ್ಳಿಬಣ್ಣದ ಚಪ್ಪಟೆ ಮೀನಿನ ಬಾಯಿಯನ್ನು ಮೆಲ್ಲಗೆ ಮುಂದಕ್ಕೆಳೆ. ಕೊಳವೆಯಂತೆ ಚಾಚಿದ ಬಾಯಿ ಮೇಲ್ಮುಖವಾದರೆ ಸೆಕ್ಯುಟರ್ ಕುಲ, ಕೋರೆಹಲ್ಲಿದ್ದರೆ ಗಾಝಾ ಕುಲ. ಕೆರೆಯ ಜಿಲೇಬಿ ಮೀನಿನಲ್ಲೂ (ತಿಲಾಪಿಯ) ಎರಡು ಬಗೆಯುಂಟು, ಬಾಲದಲ್ಲಿ ಸ್ಪಷ್ಟವಾದ ಅಡ್ಡಪಟ್ಟೆಗಳ ಸಾಲಿದ್ದರೆ ನೈಲ್ ತಿಲಾಪಿಯ. ಪಾರದರ್ಶಕ ಡಬ್ಬಿಯಲ್ಲಿ ನೀರು ತುಂಬಿ, ತಲೆ ಎಡಕ್ಕೆ ಬರುವಂತೆ ಮೀನಿಟ್ಟು, ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಫೋಟೋ ತೆಗೆ. ಬೆನ್ನಿನ ಮತ್ತು ಹೊಟ್ಟೆಯ ಹಿಂಭಾಗದ ರೆಕ್ಕೆ ಬಿಚ್ಚಿರಲಿ. ಮುಳ್ಳು ಎಣಿಸದೆ ಎಷ್ಟೋ ಜಾತಿಗಳ ಹೆಸರು ಹೇಳಲಾಗುವುದಿಲ್ಲ. ಒದ್ದೆಗೈಯಲ್ಲೇ ಮುಟ್ಟು, ಒಣಗೈ ಮೈಮೇಲಿನ ಲೋಳೆ ಕಿತ್ತುಬಿಡುತ್ತದೆ.

ಮೇಲ್ಕಣಿವೆಯ ಕಾಡಿನ ದೊಡ್ಡ ಭಾಗ ಸಿಂಗಳೀಕಗಳಿಗಾಗಿ ಕಾಯ್ದಿಟ್ಟದ್ದು, ಅಲ್ಲಿ ಗಾಳ ಬಿಚ್ಚಲೇಬೇಡ. ಕೆರೆಗಳನ್ನು ಮೀನುಗಾರಿಕೆಗೆ ಗುತ್ತಿಗೆ ಕೊಟ್ಟಿರುತ್ತಾರೆ, ಗುತ್ತಿಗೆದಾರರನ್ನು ಕೇಳಿಯೇ ಕೂರು. ಬರುವಾಗ ಶಿಶಿಲ, ಶೃಂಗೇರಿ ಕಡೆ ಹೋದರೆ ಅಲ್ಲಿನ ದೇವರ ಮೀನುಗಳನ್ನು ಕಣ್ಣಲ್ಲಿ ನೋಡು, ಅಷ್ಟೇ.

ಕೊನೆಗೆ ಕೈ ಜೋಪಾನ. ಮೀಸೆಯಿರುವ ತೇಡೆಯ ಬೆನ್ನಲ್ಲಿ ಒಂದು, ಅಕ್ಕಪಕ್ಕ ಒಂದೊಂದು ಮುಳ್ಳಿರುತ್ತದೆ. ಹಿಡಿಯದೆ ಇಕ್ಕಳದಿಂದಲೇ ಗಾಳ ಬಿಡಿಸು. ಚುಚ್ಚಿದರೆ ಸಹಿಸುವಷ್ಟು ಬಿಸಿಯ, ಸುಮಾರು 45 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆಯಾದರೂ ಅದ್ದಿಡು, ಮುರಿದ ಮುಳ್ಳು ಒಳಗುಳಿದಿದ್ದರೆ ಆಸ್ಪತ್ರೆಗೆ ಹೋಗು. ಚೆಂಡಿನಂತೆ ಹೊಟ್ಟೆ ಉಬ್ಬಿಸಿಕೊಳ್ಳುವ ಮೀನು ಬಂದರೆ ಫೋಟೋ ತೆಗೆದು ಬಿಟ್ಟುಬಿಡು. ಅದರ ವಿಷ ಬೇಯಿಸಿದರೂ ಹೋಗುವುದಿಲ್ಲ, ಹಲ್ಲು ಬೆರಳನ್ನೂ ಬಿಡುವುದಿಲ್ಲ. ಹೆಸರು ಸಿಗದ ಮೀನಿನ ಫೋಟೋ ಕಳಿಸು, ಮುಳ್ಳು ಕೂತು ಎಣಿಸೋಣ.

ಇಂತಿ ನಿನ್ನ ಗೆಳೆಯ