ಸಾಕ್ಷಿದಾರರ ಹೆಸರಿಗೂ ಒಂದು ಸೂಚಿ ಬೇಕು

ಮಾನ್ಯ ಸಂಪಾದಕರಿಗೆ ವಂದನೆಗಳು.

ಭೂ ಸುರಕ್ಷಾ ಯೋಜನೆಯಡಿ ತಾಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಸುತ್ತಿರುವ ಸುದ್ದಿಯನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ. ಕೆಲಸ ಒಳ್ಳೆಯದೇ. ಆದರೆ ಸ್ಕ್ಯಾನ್ ಆದ ಹಾಳೆಯನ್ನು ನಾಳೆ ಯಾರ ಹೆಸರಿನಿಂದ ಹುಡುಕಬಹುದು ಎಂಬುದನ್ನು ಈಗಲೇ ತೀರ್ಮಾನಿಸದಿದ್ದರೆ, ಕಪಾಟಿನಲ್ಲಿದ್ದ ಕಟ್ಟು ಕಂಪ್ಯೂಟರಿನೊಳಗೆ ಹೋಗಿ ಕುಳಿತೀತೇ ಹೊರತು ಹುಡುಕುವವನ ಕೈಗೆ ಸಿಗಲಾರದು ಎಂಬುದು ಶಿರಸಿಯಲ್ಲಿ ಮೂವತ್ತೆಂಟು ವರ್ಷ ವಕೀಲರ ಗುಮಾಸ್ತನಾಗಿ ದುಡಿದ ನನ್ನ ಅನುಭವ.

ಈ ವಿಚಾರ ನನ್ನ ತಲೆಯನ್ನು ಹೊಕ್ಕಿದ್ದು ಮಾತ್ರ ಅಮೆರಿಕದ ರಿಚ್‌ಮಂಡ್ ನಗರದಲ್ಲಿ. ಮಗಳ ಮನೆಗೆ ಹೋಗಿದ್ದಾಗ ಪಕ್ಕದ ಮನೆಯ ಹಿರಿಯರೊಬ್ಬರು, 17ನೇ ಶತಮಾನದಲ್ಲಿ ಇಂಗ್ಲೆಂಡಿನಿಂದ ವರ್ಜೀನಿಯಾಕ್ಕೆ ಬಂದ ತಮ್ಮ ಮೂಲಪುರುಷನ ಜಾಡು ಹಿಡಿದಿದ್ದರು. ನಾನು ಕೋರ್ಟು ಕಾಗದದ ನಡುವೆಯೇ ಬದುಕಿದವನೆಂದು ತಿಳಿದು ಅಲ್ಲಿನ ಲೈಬ್ರರಿ ಆಫ್ ವರ್ಜೀನಿಯಾಕ್ಕೆ ನನ್ನನ್ನೂ ಕರೆದೊಯ್ದರು. ಆ ಕಾಲದ ಇಗರ್ಜಿಗಳ ಜನನ-ಮರಣದ ಪುಸ್ತಕಗಳು ಬಹುಪಾಲು ಉಳಿದಿಲ್ಲವಾದ್ದರಿಂದ ಜಮೀನು ಮತ್ತು ಕೋರ್ಟು, ಈ ಎರಡೇ ತಮಗೆ ಗತಿ ಎಂದರು. ಅವರ ಬಳಿ ಇದ್ದದ್ದು 1720ರ ದಶಕದ ಒಂದು ಕ್ರಯಪತ್ರದ ನಕಲು. ಪೂರ್ವಜ ಜಮೀನು ಮಾರಿದ್ದಕ್ಕೆ ಪತ್ರವಿದೆ, ಕೊಂಡದ್ದಕ್ಕೆ ಎಲ್ಲಿಯೂ ಇಲ್ಲ. ಹಾಗಾದರೆ ಅದು ಪಿತ್ರಾರ್ಜಿತವಿರಬೇಕು ಎಂದು ನಾನು ಗುಮಾಸ್ತನ ಬುದ್ಧಿಯಿಂದ ಹೇಳಿದಾಗ ಅವರು ನಕ್ಕು, ತಾವು ಆ ತೀರ್ಮಾನಕ್ಕೆ ಬರಲು ಎರಡು ವರ್ಷ ಬೇಕಾಯಿತು ಎಂದರು. ಮರಣಪತ್ರ ಬರೆಯದೆ ಸತ್ತವನ ಜಮೀನು ಹಿರಿಯ ಮಗನಿಗೇ ಹೋಗುವ ಪದ್ಧತಿ ಅಲ್ಲಿ ಇತ್ತಂತೆ. ಅದನ್ನು ತೆಗೆದುಹಾಕುವ ಕಾಯ್ದೆ ಆದದ್ದು 1785ರಲ್ಲಿ. ಹಾಗೆ ಕೈ ಬದಲಾದ ಜಮೀನಿಗೆ ಪತ್ರವೇ ಹುಟ್ಟುವುದಿಲ್ಲವಾದ್ದರಿಂದ, ಪತ್ರ ಇಲ್ಲದಿರುವುದೇ ಅಪ್ಪ-ಮಗನ ಸಂಬಂಧಕ್ಕೆ ಸುಳಿವಾಯಿತು.

ಕ್ರಯಪತ್ರದ ಚೆಕ್ಕಬಂದಿ ಓದಿಸಿಕೊಂಡಾಗ ನನಗೆ ನಮ್ಮೂರೇ ಕಂಡಿತು. ನಮ್ಮಲ್ಲಿ ಮೂಡಲಿಗೆ ಇಂಥವರ ತೋಟದ ಅಗಳ (ಗಡಿಗೆ ತೋಡಿದ ಕಂದಕ), ಪಡುವಲಿಗೆ ಹಳ್ಳ ಎಂದು ಬರೆಯುವಂತೆ, ಅಲ್ಲಿ ಗುರುತು ಕಡಿದ ಬಿಳಿ ಓಕ್ ಮರದಿಂದ ಹೊರಟು, ಹಳ್ಳದ ಗುಂಟ ನಡೆದು, ನೆರೆಯವನ ಗಡಿಯ ಮೂಲೆಗೆ ಬಂದು ನಿಲ್ಲುತ್ತಾರೆ. ಆ ನೆರೆಯವನ ಹೆಸರು ಹಿಡಿದು ಹೋದಾಗಲೇ ಹಿರಿಯರಿಗೆ ದಾರಿ ತೆರೆದದ್ದು. ನೆರೆಯವನ ಗಡಿ ತಂಟೆಯಲ್ಲಿ ಇವರ ಪೂರ್ವಜನೂ ಕೌಂಟಿ (ನಮ್ಮ ಜಿಲ್ಲೆಯಂಥ ವಿಭಾಗ) ಕೋರ್ಟಿನ ಮುಂದೆ ಸಾಕ್ಷಿ ನುಡಿದಿದ್ದ, ಹೇಳಿಕೆಯ ತಲೆಯಲ್ಲಿ ‘ವಯಸ್ಸು 40 ಅಥವಾ ಅದರ ಆಸುಪಾಸು’ ಎಂದು ಬರೆದಿತ್ತು. ಅಲ್ಲಿಗೆ ಹುಟ್ಟಿದ ವರ್ಷವೂ ಸಿಕ್ಕಂತಾಯಿತು. ಗಂಡ ಜಮೀನು ಮಾರುವಾಗ ಹೆಂಡತಿಯನ್ನು ಬೇರೆಯಾಗಿ ಕರೆದು ಒಪ್ಪಿಗೆ ಕೇಳಿ ದಾಖಲಿಸುವ ಕ್ರಮದಿಂದಾಗಿ ಹೆಣ್ಣುಮಗಳ ಹೆಸರೂ ಉಳಿದಿತ್ತು. ಹಡಗಿನ ಖರ್ಚು ಕೊಟ್ಟು ಒಬ್ಬನನ್ನು ಕರೆತಂದರೆ ತಲೆಗೆ 50 ಎಕರೆ ಸಿಗುವ ಪದ್ಧತಿ 1618ರಿಂದ ಇದ್ದುದರಿಂದ, ಸ್ವಂತಕ್ಕೆ ಗೇಣು ನೆಲವಿಲ್ಲದೆ ಬಂದ ಆಳಿನ ಹೆಸರು ಕೂಡ ಧಣಿಯ ಜಮೀನಿನ ಪತ್ರದಲ್ಲಿ ಕುಳಿತಿದೆ. ಅವರ ಪೂರ್ವಜನ ಅಪ್ಪ ಸಿಕ್ಕಿದ್ದು ಅಂಥ ಒಂದು ಪಟ್ಟಿಯಲ್ಲೇ.

ಇನ್ನು ನಮ್ಮ ಕಡೆಯ ಮಾತು. ನಮ್ಮ ಮನೆಯಲ್ಲಿ ‘ಮೂಲೆಮನೆ ಅಮ್ಮಮ್ಮ’ ಎಂದಷ್ಟೇ ಕರೆಯುತ್ತಿದ್ದ, ಅಜ್ಜನ ಅಜ್ಜಿಯೊಬ್ಬಳಿದ್ದಳು. ಅವಳ ಹೆಸರು ಯಾರಿಗೂ ತಿಳಿದಿರಲಿಲ್ಲ. 1987ರಲ್ಲಿ ಬೇರೆ ಕಕ್ಷಿಗಾರರ ಕೆಲಸಕ್ಕೆಂದು ಹಳೆಯ ವಾಟ್ನಿ (ಆಸ್ತಿ ಪಾಲಿನ) ದಾವೆಯೊಂದನ್ನು ತೆಗೆಸಿದಾಗ, ಅದರ ಮೂರನೆಯ ಸಾಕ್ಷಿಯಾಗಿ ಅವಳು ಎದುರಾದಳು. ಹೆಸರು, ಗಂಡನ ಹೆಸರು, ‘ವಯಸ್ಸು ಸುಮಾರು 62, ಉದ್ಯೋಗ ಮನೆಗೆಲಸ’, ಕೆಳಗೆ ಶಾಯಿ ಹರಡಿದ ಎಡಗೈ ಹೆಬ್ಬೆಟ್ಟು. ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟವನ್ನು ಯಾವ ಮನೆಯವರು ಎಲ್ಲಿಯವರೆಗೆ ಕಡಿಯುತ್ತಿದ್ದರೆಂದು ಹೇಳುತ್ತ ಹೋಗಿ, ನೆರೆಮನೆಯ ಮೂರು ತಲೆಮಾರಿನ ಹೆಸರುಗಳನ್ನು ಆಕೆ ಒಂದೇ ಉಸಿರಿಗೆ ಒಪ್ಪಿಸಿದ್ದಳು. ಪಹಣಿಯಲ್ಲಾಗಲಿ ಖಾತೆಯಲ್ಲಾಗಲಿ ಆಕೆಯ ಹೆಸರು ಬರುವ ಸಂಭವವೇ ಇರಲಿಲ್ಲ. ಹೊಲ-ತೋಟ ಅವಳದ್ದಲ್ಲ, ದಾವೆಯೂ ಅವಳದ್ದಲ್ಲ. ಹಲವು ವರ್ಷಗಳ ನಂತರ ನನ್ನ ತಮ್ಮನ ಮಗ ಅದೇ ಹಾಳೆಯ ದೃಢೀಕೃತ ನಕಲಿಗೆ ಅರ್ಜಿ ಹಾಕಿದಾಗ ಬಂದ ಹಿಂಬರಹ: ‘ಅವಧಿ ಮೀರಿದ್ದರಿಂದ ನಾಶಪಡಿಸಲಾಗಿದೆ.’

ಇದರಲ್ಲಿ ಯಾವ ಸಿಬ್ಬಂದಿಯ ತಪ್ಪೂ ಇಲ್ಲ. 1917ರ ದಾಖಲೆಗಳ ನಾಶ ಕಾಯ್ದೆಯಡಿ ಹೈಕೋರ್ಟುಗಳು ಮಾಡಿಕೊಂಡ ನಿಯಮಗಳ ಪ್ರಕಾರ ತೀರ್ಪು-ಡಿಕ್ರಿಗಳಿಗೆ ಆಯುಸ್ಸು ಹೆಚ್ಚು, ಜಬಾನಿಗಳಿಗೆ, ಅಂದರೆ ಸಾಕ್ಷಿದಾರರ ಹೇಳಿಕೆಗಳಿಗೆ, ಕಡಿಮೆ. ಕಾನೂನಿನ ಕಣ್ಣಿಗೆ ಅದು ಸರಿಯೇ ಇರಬಹುದು. ಆದರೆ ಡಿಕ್ರಿಯಲ್ಲಿ ಸಿಗುವುದು ಯಾರಿಗೆ ಎಷ್ಟು ಗುಂಟೆ ಎಂಬ ಲೆಕ್ಕ; ವಂಶವೃಕ್ಷ ಇರುವುದು ದಾವೆ ಅರ್ಜಿಯಲ್ಲಿ, ಮನುಷ್ಯರು ಇರುವುದು ಜಬಾನಿಯಲ್ಲಿ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಭೂಹಕ್ಕಿನ ಕುರಿತು 1875ರಲ್ಲಿ ಮುಂಬಯಿ ಹೈಕೋರ್ಟು ಕೊಟ್ಟ ವೈಕುಂಠ ಬಾಪೂಜಿ ಪ್ರಕರಣದ ತೀರ್ಪು ಅಚ್ಚಾಗಿದೆ, ಯಾರು ಬೇಕಾದರೂ ಓದಬಹುದು. ಅಗಳದ ಜಗಳಗಳು ಅಚ್ಚಾಗುವುದಿಲ್ಲ.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ತೊಡಕಿದೆ. 1799ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದ ಕೆನರಾ ಮದ್ರಾಸಿಗೆ ಒಳಪಟ್ಟಿತ್ತು. 1862ರಲ್ಲಿ ಉತ್ತರ ಭಾಗ ಮುಂಬಯಿಗೆ ಸೇರಿತು. 1956ರಲ್ಲಿ ಮೈಸೂರಿಗೆ ಬಂತು. ಹೀಗಾಗಿ ಕಾರವಾರದ ಅಥವಾ ಅಂಕೋಲೆಯ ಒಂದೇ ಮನೆತನದ ಕಾಗದ ಹುಡುಕಲು ಚೆನ್ನೈ, ಮುಂಬಯಿ, ಬೆಂಗಳೂರು ಮೂರೂ ಪತ್ರಾಗಾರಗಳ ಮೆಟ್ಟಿಲು ಹತ್ತಬೇಕು. ಊರಿನಲ್ಲೇ ಉಳಿದಿರುವ ಅಷ್ಟಿಷ್ಟನ್ನೂ ಕಳೆದುಕೊಂಡರೆ ಹೇಗೆ?

ಸೂಚಿ ಎಂಬುದು ನಮಗೆ ಹೊಸತೇನಲ್ಲ. ಬರೆದುಕೊಟ್ಟವರ ಮತ್ತು ಬರೆಸಿಕೊಂಡವರ ಹೆಸರಿನ ಸೂಚಿಯನ್ನು ಉಪನೋಂದಣಿ ಕಚೇರಿ ಇಡಲೇಬೇಕೆಂದು 1908ರ ನೋಂದಣಿ ಕಾಯ್ದೆಯೇ ಹೇಳುತ್ತದೆ. ಅದೇ ಕ್ರಮವನ್ನು ಸ್ಕ್ಯಾನ್ ಆದ ಕಡತಗಳಿಗೂ ವಿಸ್ತರಿಸಿ, ಸರ್ವೆ ನಂಬರಿನ ಜೊತೆಗೆ ಖಾತೆದಾರ, ಗೇಣಿದಾರ, ಚೆಕ್ಕಬಂದಿಯ ನೆರೆಯವ, ಪಂಚರು, ಸಾಕ್ಷಿದಾರರು ಇಷ್ಟೂ ಜನರ ಹೆಸರನ್ನು ಸೇರಿಸಬೇಕು. 1974ರ ನಂತರ ಭೂ ನ್ಯಾಯಮಂಡಳಿಗಳ ಮುಂದೆ ಬಂದ ನಮೂನೆ 7ರ (ಗೇಣಿದಾರರು ಭೂಮಿಯ ಹಕ್ಕು ಕೋರಿ ಹಾಕಿದ ಅರ್ಜಿಯ) ಫೈಲುಗಳನ್ನು ಮೊದಲು ಎತ್ತಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಸ್ವಂತ ಪತ್ರವಿಲ್ಲದ ಗೇಣಿದಾರ ಕುಟುಂಬಗಳ ಹಿಂದಿನ ತಲೆಮಾರು ಬಾಯಿಬಿಟ್ಟು ಮಾತಾಡಿದ್ದು ಅಲ್ಲಿಯೇ. ಹಾಗೆಯೇ ದಾವೆಯ ಫೈಲು ನಾಶದ ಪಟ್ಟಿಗೆ ಬಂದಾಗ ವಂಶವೃಕ್ಷ ಮತ್ತು ಜಬಾನಿಗಳ ಹಾಳೆಗಳನ್ನಾದರೂ ಸ್ಕ್ಯಾನ್ ಮಾಡಿಟ್ಟುಕೊಳ್ಳಲು ಹೈಕೋರ್ಟು ಅನುವು ಮಾಡಿಕೊಡಬೇಕು.

ಮೂಲ ಪ್ರತಿಗಳನ್ನೆಲ್ಲ ಒಂದೇ ಊರಿಗೆ ಸಾಗಿಸುವ ಉಮೇದು ಮಾತ್ರ ಬೇಡ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಭದ್ರವಾಗಿರಲೆಂದು ಹ್ಯಾನೋವರ್ ಮೊದಲಾದ ಕೌಂಟಿಗಳು ತಮ್ಮ ಪುಸ್ತಕಗಳನ್ನು ರಿಚ್‌ಮಂಡಿಗೆ ಕಳಿಸಿದ್ದವು; 1865ರ ಏಪ್ರಿಲಿನ ಬೆಂಕಿಯಲ್ಲಿ ಅವು ಸುಟ್ಟುಹೋದವು. ಅದೇ ವರ್ಜೀನಿಯಾದ ನಾರ್ಥಾಂಪ್ಟನ್ ಕೌಂಟಿಯಲ್ಲಿ 1632ರಿಂದ ಈಚಿನ ಕೋರ್ಟು ಪುಸ್ತಕಗಳು ಇಂದಿಗೂ ಇವೆ. ಆದ್ದರಿಂದ ಮೂಲ ಆಯಾ ತಾಲೂಕಿನಲ್ಲಿಯೇ ಇರಲಿ, ಸ್ಕ್ಯಾನ್ ಪ್ರತಿ ಕಾರವಾರದಲ್ಲೊಂದು, ಬೆಂಗಳೂರಿನಲ್ಲೊಂದು ಇರಲಿ. ಹೆಸರು ಓದಿ ಬರೆದುಕೊಡುವ ಕೆಲಸಕ್ಕೆ ಹಳೆಯ ಕೈಬರಹ, ಮರಾಠಿ ಬರೆಯಲು ಹಿಂದೆ ಬಳಸುತ್ತಿದ್ದ ಮೋಡಿ ಲಿಪಿ ಬಲ್ಲ ನಿವೃತ್ತ ಶಿರಸ್ತೇದಾರರೂ ಗುಮಾಸ್ತರೂ ಜಿಲ್ಲೆಯಲ್ಲಿ ಇನ್ನೂ ಕೆಲವರಿದ್ದೇವೆ. ಕರೆದರೆ ವಾರಕ್ಕೆ ಎರಡು ದಿನ ಬಂದು ಕೂರಲು ನಾನು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ವಕೀಲ ಗುಮಾಸ್ತ, ಶಿರಸಿ