ಹೊಟ್ಟೆ ನಂದು, ಆಪರೇಷನ್ ಆಗಿದ್ದು ಮನೆಮಂದಿಗೆಲ್ಲ

ತೂಕ ಇಳಿಸೋಕೆ ಹೊಟ್ಟೆ ಚಿಕ್ಕದು ಮಾಡೋ ಸರ್ಜರಿ ಮಾಡಿಸ್ಕೊಂಡು ನಿನ್ನೆಗೆ ಒಂದು ವರ್ಷ ಆಯ್ತು. ಎಷ್ಟು ಇಳಿದೆ ಅಂತ ಎಲ್ರೂ ಮೊದ್ಲು ಕೇಳೋದೇ ಅದನ್ನ, ಹಾಗಾಗಿ ಹೇಳಿ ಮುಗಿಸ್ಬಿಡ್ತೀನಿ, 138 ಕೆಜಿ ಇದ್ದಿದ್ದು ಈಗ 97. ಅದಾದ್ಮೇಲೆ ಎರಡನೇ ಮಾತು "ನಿನ್ನ ಮನೋಬಲ ಮೆಚ್ಚಬೇಕಪ್ಪ" ಅಂತ ಬರುತ್ತೆ, ಆಗ ನಂಗೆ ಒಳಗೊಳಗೇ ನಗು, ಯಾಕಂದ್ರೆ ನನ್ನ ಮನೋಬಲ ಎಷ್ಟಿತ್ತು ಅಂತ ನಮ್ಮನೆ ಫ್ರಿಜ್‌ಗೆ ಗೊತ್ತು. ಕೆಲಸ ಮಾಡಿದ್ದು ಬೇರೆಯವ್ರು. ಅವ್ರಲ್ಲಿ ಕೆಲವ್ರಿಗೆ ನಾನು ಆಗ ಬೈದಿದ್ದೀನಿ ಕೂಡ. ಅದಕ್ಕೇ ಈ ಬರಹ.

ಮೊದಲ್ನೇ ಥ್ಯಾಂಕ್ಸ್ ನಮ್ಮ ಡಯಟಿಶಿಯನ್ ಮೇಡಂಗೆ. ಸರ್ಜರಿಗೆ ಇನ್ನೂ ಎರಡು ತಿಂಗಳಿತ್ತು, ಇವ್ರು ನೋಡಿದ್ರೆ ಹೋಂವರ್ಕ್ ಕೊಡೋಕೆ ಶುರು ಮಾಡಿದ್ರು. ಊಟದ ಜೊತೆ ನೀರು ಕುಡಿಯೋ ಹಾಗಿಲ್ಲ, ಊಟ ಆಗಿ ಅರ್ಧ ಗಂಟೆ ಬಿಟ್ಟು ಕುಡೀಬೇಕು. ಚಿಕ್ಕ ಚಮಚ ತಗೋಬೇಕು, ಒಂದು ತುತ್ತು ಬಾಯಿಗೆ ಹೋದ್ಮೇಲೆ ಚಮಚ ಕೆಳಗಿಟ್ಟು, ಅದು ಪೂರ್ತಿ ನುಣ್ಣಗಾಗೋ ತನಕ ಅಗೀಬೇಕು. ಟೈಮರ್ ಇಟ್ಕೊಂಡು 25 ನಿಮಿಷ ಊಟ ಮಾಡ್ಬೇಕು. ನಾನು ಮೊದಲ್ನೇ ದಿನ ಟೈಮರ್ ಇಟ್ಟೆ, ತಟ್ಟೆ ಖಾಲಿಯಾದಾಗ ನೋಡಿದ್ರೆ 6 ನಿಮಿಷ ಆಗಿತ್ತು, ಹೆಂಡ್ತಿ ಇನ್ನೂ ಬಡಿಸ್ಕೊಳ್ತಾ ಇದ್ಲು. ಹೊಟ್ಟೆ ಚಿಕ್ಕದು ಮಾಡಿದ್ಮೇಲೆ ತಾನಾಗೇ ನಿಧಾನ ಆಗುತ್ತಲ್ಲ ಮೇಡಂ, ಈಗ್ಲೇ ಯಾಕೆ ಈ ಹಿಂಸೆ ಅಂತ ಕೇಳ್ದೆ. "40 ವರ್ಷದ ಅಭ್ಯಾಸನ ಆಪರೇಷನ್ ಟೇಬಲ್ ಮೇಲೆ ಕತ್ತರಿಸೋಕಾಗಲ್ಲ ಸರ್, ಈಗ ತಪ್ಪಿದ್ರೆ ಬರೀ ಹೊಟ್ಟೆ ಭಾರ, ಆಮೇಲೆ ತಪ್ಪಿದ್ರೆ ವಾಂತಿ" ಅಂದ್ರು. ಆವತ್ತು ಕೋಪ ಬಂದಿತ್ತು, ಈಗ ಅನ್ಸುತ್ತೆ ಇಡೀ ವರ್ಷದಲ್ಲಿ ನಂಗೆ ಸಿಕ್ಕಿದ ಅತ್ಯಂತ ಉಪಯೋಗದ ಮಾತು ಅದೇ.

ಸರ್ಜರಿಗೆ ಮುಂಚಿನ ಕೊನೇ ಎರಡು ವಾರ ಇನ್ನೊಂದು ಡಯಟ್, ಸಕ್ಕರೆ ಪಿಷ್ಟ ಎರಡೂ ಕಮ್ಮಿ ಮಾಡಿ ಹೆಚ್ಚುಕಮ್ಮಿ ಪ್ರೋಟೀನ್ ಶೇಕ್ ಮೇಲೇ ಇರೋದು. ಅದು ತೂಕ ಇಳಿಸೋಕಲ್ಲ, ಲಿವರ್ ಕುಗ್ಗಿಸೋಕೆ. ದಪ್ಪ ಇರೋರಿಗೆ ಲಿವರ್‌ನಲ್ಲೂ ಕೊಬ್ಬು ತುಂಬಿ ಊದಿರುತ್ತಂತೆ, ಅದರ ಎಡಭಾಗ ಸರಿಯಾಗಿ ಜಠರದ ಮೇಲೇ ಕೂತಿರುತ್ತೆ, ಸಣ್ಣ ಸಣ್ಣ ತೂತು ಮಾಡಿ ಕೀಹೋಲ್‌ನಲ್ಲಿ ಮಾಡೋವಾಗ ಅದನ್ನ ಎತ್ತಿ ಹಿಡಿದು ಅದರ ಕೆಳಗೆ ಕೆಲಸ ಮಾಡ್ಬೇಕು. ಮೊದಲ ಮೂರು ದಿನ ತಲೆನೋವು, ಸಿಡಿಮಿಡಿ, ಮಗಳು ನನ್ನ ಹತ್ರ ಬರ್ತಾನೇ ಇರ್ಲಿಲ್ಲ. ನಾಲ್ಕನೇ ದಿನದಿಂದ ಸ್ವಲ್ಪ ಹದಕ್ಕೆ ಬಂತು. ಇನ್ನೂ ತಯಾರಿಲಿರೋರಿಗೆ ಒಂದು ಮಾತು, ಈ ಎರಡು ವಾರದಲ್ಲಿ ಕದ್ದು ತಿನ್ಬೇಡಿ, ಲಿವರ್ ದೊಡ್ಡದಾಗೇ ಇದ್ರೆ ಸರ್ಜನ್‌ಗೂ ಕಷ್ಟ ನಿಮಗೂ ಅಪಾಯ.

ಟೆಸ್ಟ್‌ಗಳ ಕಥೆ ಹೇಳೋಕೆ ಹೋದ್ರೆ ಮುಗಿಯಲ್ಲ. ಎಂಡೋಸ್ಕೋಪಿಲಿ ಎಚ್ ಪೈಲೋರಿ ಅನ್ನೋ ಬ್ಯಾಕ್ಟೀರಿಯಾ ಸಿಕ್ಕಿ ಅದಕ್ಕೊಂದು ಕೋರ್ಸ್ ಮಾತ್ರೆ, ಹಾಗಾಗಿ ಡೇಟ್ ಮುಂದಕ್ಕೆ ಹೋಯ್ತು. ನಿದ್ದೆ ಟೆಸ್ಟಲ್ಲಿ ರಾತ್ರಿ ಉಸಿರು ನಿಂತು ನಿಂತು ಬರುತ್ತೆ ಅಂತ ಗೊತ್ತಾಯ್ತು. ನಂಗೆ ಅದು ಹೊಸ ಸುದ್ದಿ, ನನ್ನ ಹೆಂಡ್ತಿಗಲ್ಲ. ಅವಳು ವರ್ಷಗಟ್ಟಲೆ ಮಧ್ಯರಾತ್ರಿ ಎದ್ದು ಉಸಿರು ವಾಪಸ್ ಬರ್ತಿದ್ಯಾ ಅಂತ ಕಿವಿಗೊಟ್ಟು ಕೇಳ್ತಾ ಮಲಗ್ತಿದ್ಲಂತೆ, ಒಂದು ದಿನಾನೂ ನಂಗೆ ಹೇಳಿರ್ಲಿಲ್ಲ. ಡಾಕ್ಟರ್ ರೂಮಲ್ಲಿ ಅದನ್ನ ಕೇಳಿದಾಗ ಏನು ಹೇಳ್ಬೇಕೋ ಗೊತ್ತಾಗ್ಲಿಲ್ಲ, ಈಗ್ಲೂ ಗೊತ್ತಾಗ್ತಿಲ್ಲ.

ಸೈಕಾಲಜಿಸ್ಟ್ ಹತ್ರ ಕಳ್ಸಿದಾಗ ನಂಗೇನು ತಲೆ ಕೆಟ್ಟಿದ್ಯಾ ಅಂತ ಅಂದ್ಕೊಂಡೇ ಹೋದೆ. ಅವ್ರು ಕೇಳಿದ್ದು ಒಂದೇ ಪ್ರಶ್ನೆ, "ದಿನ ತುಂಬಾ ಕೆಟ್ಟದಾಗಿ ಹೋದಾಗ ಈಗ ತಿಂತೀರಿ, ಆಮೇಲೆ ಏನು ಮಾಡ್ತೀರಿ?" ಉತ್ತರ ಇರ್ಲಿಲ್ಲ. ನಕ್ಕು ಸುಮ್ನಾದೆ. ಆ ಪ್ರಶ್ನೆ ಎಲ್ಲಿ ವಾಪಸ್ ಬಂತು ಅಂತ ಮುಂದೆ ಹೇಳ್ತೀನಿ.

ನಂಗೆ ಮಾಡಿದ್ದು ಸ್ಲೀವ್. ಜಠರದ ಸುಮಾರು ಮುಕ್ಕಾಲು ಭಾಗ, ಕೆಲವ್ರಿಗೆ ಶೇ. 80ರವರೆಗೂ ತೆಗೆದು, ಉಳಿದಿದ್ದನ್ನ ಬಾಳೆಹಣ್ಣಿನ ಥರ ಉದ್ದ ಟ್ಯೂಬ್ ಮಾಡಿ ಸ್ಟೇಪಲ್ ಹಾಕ್ತಾರೆ. ಹಸಿವಿನ ಹಾರ್ಮೋನು ಗ್ರೆಲಿನ್ ಹೆಚ್ಚಾಗಿ ಬರೋದು ಆ ತೆಗೆದುಹಾಕೋ ಮೇಲ್ಭಾಗದಿಂದಾನೇ, ಅದಕ್ಕೇ ಶುರುವಿನ ತಿಂಗಳುಗಳಲ್ಲಿ ಹಸಿವು ಅಷ್ಟಾಗಿ ಕಾಡಲ್ಲ. ಗ್ಯಾಸ್ಟ್ರಿಕ್ ಬೈಪಾಸ್ ಅನ್ನೋ ಇನ್ನೊಂದು ಸರ್ಜರಿ ಬೇರೆ, ಅದ್ರಲ್ಲಿ ಮೇಲ್ಗಡೆ ಪುಟ್ಟ ಚೀಲ ಮಾಡಿ ಕರುಳಿಗೆ ಜೋಡಿಸ್ತಾರೆ. ಯಾವ್ದು ಯಾರಿಗೆ ಅನ್ನೋದು ಡಾಕ್ಟರ್ ಹೇಳ್ಬೇಕು, ನನ್ನನ್ನ ಕೇಳ್ಬೇಡಿ, ದಿನಕ್ಕೆ ಇಬ್ರು ಕೇಳ್ತಾರೆ.

ಆವತ್ತು ರಾತ್ರಿ ಡ್ಯೂಟಿಲಿದ್ದ ನರ್ಸ್ ಸಿಸ್ಟರ್ ಹೆಸರು ಹಾಕಲ್ಲ, ಆದ್ರೆ ಅವ್ರಿಗೆ ದೊಡ್ಡ ನಮಸ್ಕಾರ, ಜೊತೆಗೆ ಕ್ಷಮೆ. ಥಿಯೇಟರ್‌ನಿಂದ ಬಂದು ಕೆಲವೇ ಗಂಟೆ ಆಗಿದೆ, ಹೊಟ್ಟೆ ಮೇಲೆ ಐದು ತೂತು, ಎದ್ದು ನಡೀರಿ ಅಂತಾರೆ. ಆಗಲ್ಲ ಅಂದೆ. ಹೊಟ್ಟೆಗಿಂತ ಭುಜ ನೋಯ್ತಿತ್ತು, ಇದೇನು ಭುಜಕ್ಕೂ ಆಪರೇಷನ್ ಮಾಡಿದ್ರಾ ಅಂತ ನಾನು, ಒಳಗೆ ತುಂಬಿದ ಗ್ಯಾಸ್ ಎದೆಗೂ ಹೊಟ್ಟೆಗೂ ನಡುವಿನ ಪರದೆ, ಅಂದ್ರೆ ವಪೆಯನ್ನ ಕೆರಳಿಸಿದ್ರೆ ನೋವು ಭುಜದಲ್ಲಿ ಕಾಣಿಸುತ್ತೆ, ನಡೆದ್ರೆ ಕಮ್ಮಿ ಆಗುತ್ತೆ ಅಂತ ಅವ್ರು. ಮಲಗೇ ಇದ್ರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟೋ ಭಯ ಬೇರೆ. ಸೆಲೈನ್ ಸ್ಟ್ಯಾಂಡ್ ತಳ್ಕೊಂಡು ಕಾರಿಡಾರಲ್ಲಿ ನಾಲ್ಕು ಸುತ್ತು, ಪ್ರತಿ ಸುತ್ತಿಗೂ ಅವ್ರಿಗೆ ಮನಸಲ್ಲೇ ಶಾಪ ಹಾಕಿದ್ದೀನಿ. ಅವ್ರಿಗೆ ಕೇಳ್ಸಿತ್ತು ಅನ್ಸುತ್ತೆ, ನಗ್ತಾನೇ ಇದ್ರು.

ಆಮೇಲೆ ಮನೆ. ಇಲ್ಲಿಂದ ನಮ್ಮಮ್ಮನ ಕಥೆ.

ಅಮ್ಮನಿಗೆ ಪ್ರೀತಿ ಅಂದ್ರೆ ಬಡಿಸೋದು, ಬೇರೆ ಭಾಷೆ ಅವ್ರಿಗೆ ಬರಲ್ಲ. ಅಂಥವ್ರ ಮುಂದೆ ಮಗ ಔಷಧಿ ಅಳೆಯೋ 30 ಎಂಎಲ್ ಕಪ್ಪಲ್ಲಿ ನೀರು ಹಾಕ್ಕೊಂಡು ಅದನ್ನ ಹದಿನೈದು ನಿಮಿಷ ಗುಟುಕರಿಸ್ತಾ ಕೂತಿದ್ರೆ ಹೇಗಾಗ್ಬೇಡ. ಮೊದಲು ತಿಳಿ ನೀರು, ಸೋಸಿದ ಸೂಪ್, ಆಮೇಲೆ ಪ್ರೋಟೀನ್ ಹಾಕಿದ ಹಾಲಿನಂಥದ್ದು, ಆಮೇಲೆ ಮಿಕ್ಸಿಲಿ ನುಣ್ಣಗೆ ರುಬ್ಬಿದ್ದು, ಆಮೇಲೆ ಮೆತ್ತಗಿನ ಊಟ, ಮಾಮೂಲಿ ಗಟ್ಟಿ ಊಟಕ್ಕೆ ಬರೋ ಹೊತ್ತಿಗೆ ಎರಡು ತಿಂಗಳು ಹತ್ರ ಹತ್ರ. ಒಳಗಿನ ಸ್ಟೇಪಲ್ ಗೆರೆ ಮಾಯೋ ತನಕ ಗಟ್ಟಿ ಪದಾರ್ಥ ಹೋದ್ರೆ ಲೀಕ್ ಆಗೋ ಅಪಾಯ ಇರುತ್ತೆ ಅಂತ ನಾನೆಷ್ಟು ಹೇಳಿದ್ರೂ ಅಮ್ಮ ಬಟ್ಟಲು ಹಿಡ್ಕೊಂಡು ಬಾಗಿಲಲ್ಲೇ. "ಒಂದೇ ತುತ್ತು ಕಣೋ, ಇಷ್ಟಕ್ಕೆ ಏನಾಗುತ್ತೆ." ಎರಡನೇ ವಾರ ನಾನು ಜೋರಾಗಿ ರೇಗಿದೆ, ಅವ್ರು ಅತ್ರು, ಮನೆಯೆಲ್ಲ ಸಪ್ಪಗಾಯ್ತು.

ಹೆಂಡ್ತಿ ಏನು ಮಾಡಿದ್ಲು ಅಂದ್ರೆ, ಮುಂದಿನ ಚೆಕಪ್‌ಗೆ ನನ್ನ ಜೊತೆ ತಾನು ಬರದೆ ಅಮ್ಮನ್ನ ಕಳ್ಸಿದ್ಲು. ಅಲ್ಲಿ ಅಮ್ಮ ಡಯಟಿಶಿಯನ್‌ನ ನೇರವಾಗಿ ಕೇಳಿದ್ರು, "ನನ್ನ ಮಗ ಹೊಟ್ಟೆಗಿಲ್ಲದೆ ಸಾಯಲ್ಲ ತಾನೆ?" ಮೇಡಂ ನಗ್ಲಿಲ್ಲ. ಸಾಯೋದು ಊಟ ಕಮ್ಮಿಯಾಗಿ ಅಲ್ಲಮ್ಮ, ಈಗ ನಂಗಿರೋ ಭಯ ನೀರು ಸಾಕಾಗದೆ ಆಸ್ಪತ್ರೆಗೆ ವಾಪಸ್ ಬರ್ತಾರೆ ಅನ್ನೋದು, ದಿನಕ್ಕೆ ಒಂದೂವರೆ ಲೀಟರ್ ಆದ್ರೂ ಒಳಗೆ ಹೋಗ್ಬೇಕು, ಪ್ರೋಟೀನ್ 60 ಗ್ರಾಂ ಮುಟ್ಬೇಕು, ಅದನ್ನ ನೀವು ನೋಡ್ಕೊಳ್ತೀರಾ ಅಂತ ಕೇಳಿದ್ರು. ಅಷ್ಟೇ. ಮಾರನೇ ದಿನದಿಂದ ಅಡುಗೆಮನೆ ಗೋಡೆ ಕ್ಯಾಲೆಂಡರ್ ಮೇಲೆ ಅಮ್ಮನ ಕೈಬರಹದಲ್ಲಿ ನನ್ನ ಕಪ್ಪುಗಳ ಲೆಕ್ಕ ಶುರು. "ಊಟ ಆಯ್ತಾ" ಅಂತ ಜೀವಮಾನ ಪೂರ್ತಿ ಕೇಳಿದ ಹೆಂಗಸು ಈಗ ಫೋನ್ ಎತ್ತಿದ್ರೆ "ನೀರು ಕುಡ್ದ್ಯಾ" ಅಂತಾರೆ. ಅಮ್ಮಾ, ಆವತ್ತು ರೇಗಿದ್ದಕ್ಕೆ ತಪ್ಪಾಯ್ತು, ಎದುರಿಗೆ ಹೇಳೋಕೆ ನಂಗೆ ಬಾಯಿ ಬರಲ್ಲ.

ಮೂರನೇ ವಾರ ತೂಕ ಇಳಿಯೋದು ಟಕ್ ಅಂತ ನಿಂತ್ಹೋಯ್ತು. ಇದು ತುಂಬಾ ಜನಕ್ಕೆ ಆಗುತ್ತೆ, ಆದ್ರೆ ಗೊತ್ತಿದ್ರೂ ಜೀವ ಕೇಳ್ಬೇಕಲ್ಲ, ದಿನಕ್ಕೆ ನಾಲ್ಕು ಸಲ ತೂಕದ ಮಷೀನ್ ಹತ್ತೋದು, ಹೊಟ್ಟೆ ಕೊಯ್ಸ್ಕೊಂಡೂ ಇಳೀತಿಲ್ಲ ಅಂದ್ರೆ ನನ್ನಂಥ ದಂಡಪಿಂಡ ಇನ್ನೊಬ್ಬ ಇಲ್ಲ ಅಂತ ಕೂರೋದು. ಹೆಂಡ್ತಿ ಮಷೀನ್ ಎತ್ತಿ ಎಲ್ಲೋ ಬಚ್ಚಿಟ್ಳು, ವಾರಕ್ಕೊಂದು ಸಲ ಮಾತ್ರ ತೆಗೀತಿದ್ಲು. ಅದೇ ವಾರ ನಾನು ಇನ್ನೊಬ್ರಿಗೂ ಫೋನ್ ಮಾಡ್ದೆ. ಸರ್ಜರಿಗೆ ಮುಂಚೆ ಆಸ್ಪತ್ರೆ ಮೀಟಿಂಗಲ್ಲಿ ಒಬ್ಬರು ಹಿರಿಯ ಅಕ್ಕ ಸಿಕ್ಕಿದ್ರು, ನಾಲ್ಕು ವರ್ಷ ಹಿಂದೆ ಮಾಡಿಸ್ಕೊಂಡೋರು. "ಯಾವತ್ತೋ ಒಂದಿನ ಯಾಕಾದ್ರೂ ಮಾಡಿಸ್ಕೊಂಡ್ನೋ ಅಂತ ಅಳು ಬರುತ್ತೆ, ಆವತ್ತು ಫೋನ್ ಮಾಡು" ಅಂತ ನಂಬರ್ ಕೊಟ್ಟಿದ್ರು. ಮಾಡ್ದೆ. ಹಲೋ ಅಂದ ತಕ್ಷಣ "ಆ ದಿನ ಬಂತಾ?" ಅಂದ್ರು. ಅಕ್ಕಾ, ಆ ನಲವತ್ತು ನಿಮಿಷಕ್ಕೆ ನಾನು ಋಣಿ.

ಐದನೇ ವಾರದ್ದು ನನ್ನದೇ ತಪ್ಪು. ಮೆತ್ತಗಿನ ಊಟ ಶುರುವಾಗಿತ್ತು, ಆಫೀಸ್ ಕಾಲ್‌ನಲ್ಲಿ ಮಾತಾಡ್ತಾ ಬೇಯಿಸಿದ ಮೊಟ್ಟೆ ದೊಡ್ಡ ತುಂಡು ಬಾಯಿಗೆ ಹಾಕಿ ಸರಿಯಾಗಿ ಅಗಿಯದೆ ನುಂಗ್ಬಿಟ್ಟೆ. ಎದೆ ನಡುವೆ ಕಲ್ಲು ಕೂತ ಹಾಗೆ. ಮೇಲೂ ಬರಲ್ಲ ಕೆಳಗೂ ಹೋಗಲ್ಲ, ಬಾಯಿ ತುಂಬಾ ನೊರೆ ನೊರೆ ಎಂಜಲು, ನೀರು ಕುಡಿದ್ರೆ ಇನ್ನೂ ಜಾಸ್ತಿ. ಮುಕ್ಕಾಲು ಗಂಟೆ ಬಚ್ಚಲುಮನೆ ನೆಲದ ಮೇಲೆ ಕೂತಿದ್ದೆ, ಒಂಬತ್ತು ವರ್ಷದ ಮಗಳು ಬಾಗಿಲಾಚೆ ಕೂತು ಸ್ಕೂಲಿನ ಕಥೆ ಹೇಳ್ತಾನೇ ಇದ್ಲು, ಅಪ್ಪಂಗೆ ಬೇಜಾರಾಗ್ಬಾರ್ದು ಅಂತ. ಆಮೇಲಿಂದ ಊಟಕ್ಕೆ ಫೋನ್ ತರೋ ಹಾಗಿಲ್ಲ ಅನ್ನೋ ರೂಲ್ ಮಾಡಿದ್ದೂ ಅವಳೇ, ಎಲ್ರಿಗೂ ಅನ್ವಯ. ಇನ್ನೊಂದು ವಿಷಯಾನೂ ಅವಳೇ ಕಂಡುಹಿಡಿದ್ಲು, ನಂಗೆ ಹೊಟ್ಟೆ ತುಂಬೋಕೆ ಒಂದು ತುತ್ತು ಮುಂಚೆ ಬಿಕ್ಕಳಿಕೆ ಬರುತ್ತೆ. ಕೆಲವ್ರಿಗೆ ಸೀನು, ಕೆಲವ್ರಿಗೆ ಮೂಗು ಸೋರುತ್ತಂತೆ, ನಂಗೆ ಬಿಕ್ಕಳಿಕೆ. "ಅಪ್ಪ, ಬಂತು, ಸಾಕು" ಅಂತ ಪಕ್ಕದಲ್ಲಿ ಕೂತ್ಕೊಂಡು ತಟ್ಟೆ ಎಳೀತಾಳೆ. ತಟ್ಟೇಲಿ ಎರಡು ಚಮಚ ಉಳಿದಿದ್ರೂ ಸರಿ. ತಟ್ಟೆ ಖಾಲಿ ಮಾಡ್ಲೇಬೇಕು ಅಂತ ಬೆಳೆದ ನಂಗೆ ಆ ಎರಡು ಚಮಚ ಬಿಡೋದು ಕಲ್ಸೋಕೆ ಒಂಬತ್ತು ವರ್ಷದವಳು ಬೇಕಾಯ್ತು.

ಬಿಪಿ ಮಾತ್ರೆ ಬಗ್ಗೆ ಹೇಳ್ಬೇಕು. ತಿಂಗಳೊಪ್ಪತ್ತಲ್ಲೇ ಕೂತಲ್ಲಿಂದ ಎದ್ರೆ ಕಣ್ಣು ಕತ್ತಲೆ ಬರೋದು. ತೂಕ ಇಳಿದ ಹಾಗೆ ಹಳೇ ಡೋಸ್ ಜಾಸ್ತಿ ಆಗಿತ್ತು, ಡಾಕ್ಟರ್ ಇಳಿಸಿದ್ರು. ಶುಗರ್ ಮಾತ್ರೇನೂ ಅವ್ರೇ ಇಳಿಸಿದ್ದು, ನಾನಾಗೇ ಅಲ್ಲ, ದಯವಿಟ್ಟು ಯಾರೂ ತಾವಾಗೇ ನಿಲ್ಲಿಸ್ಬೇಡಿ. ನಾಲ್ಕನೇ ತಿಂಗಳು ಕೂದಲು ಹಿಡಿ ಹಿಡಿ ಉದುರ್ತು, ಅದು ತಾತ್ಕಾಲಿಕ, ಈಗ ಸಣ್ಣ ಸಣ್ಣದಾಗಿ ವಾಪಸ್ ಬರ್ತಿದೆ. ವಿಟಮಿನ್ ಮಾತ್ರೆ ಮಾತ್ರ ಜೀವನ ಪೂರ್ತಿ, ಬಿ12, ಐರನ್, ಕ್ಯಾಲ್ಸಿಯಂ ಎಲ್ಲ. ಐರನ್ನು ಕ್ಯಾಲ್ಸಿಯಂ ಒಟ್ಟಿಗೆ ತಗೊಂಡ್ರೆ ಐರನ್ ಮೈಗೆ ಹತ್ತಲ್ಲ, ಎರಡು ಗಂಟೆ ಅಂತರ ಇರ್ಬೇಕು. ಹೆಂಡ್ತಿ ನನ್ನ ಫೋನಲ್ಲಿ ಐದು ಅಲಾರಾಂ ಇಟ್ಟಿದ್ದಾಳೆ, ಒಂದೊಂದಕ್ಕೂ ಒಂದೊಂದು ಬೈಗುಳದ ಹೆಸರು, ಅದು ಇಲ್ಲಿ ಬರೆಯೋ ಹಾಗಿಲ್ಲ.

ಈಗ ಸೈಕಾಲಜಿಸ್ಟ್ ಕೇಳಿದ ಆ ಪ್ರಶ್ನೆ. ಎರಡೂವರೆ ತಿಂಗಳಾಗಿತ್ತು, ಆಫೀಸಲ್ಲಿ ಒಂದು ದೊಡ್ಡ ಜಗಳ, ಮನೆಗೆ ಬಂದವನೇ ಫ್ರಿಜ್ ಬಾಗಿಲು ತೆಗೆದು ನಿಂತೆ. ಹೊಟ್ಟೆ ಹಸಿದಿರ್ಲಿಲ್ಲ, ಚೂರೂ ಇಲ್ಲ. ಆದ್ರೂ ಕೈ ಅಲ್ಲೇ. ಒಂದು ಚಮಚ ತಿಂದೆ, ಎರಡು ತಿಂದೆ, ಬಿಕ್ಕಳಿಕೆ ಬಂತು, ಮುಗೀತು. ಮೊದಲಾಗಿದ್ರೆ ತಿಂದು ತಿಂದು ಮನಸ್ಸು ಮರಗಟ್ಟೋದು, ಈಗ ಹೊಟ್ಟೆ ಬಾಗಿಲು ಹಾಕ್ಕೊಂಡಿದೆ, ಸಿಟ್ಟು ಹಾಗೇ ಹೊರಗೆ ನಿಂತಿದೆ. ಹಳೇ ಗೆಳೆಯ ಸತ್ತ ಹಾಗೆ ಅತ್ತಿದ್ದೀನಿ ಆವತ್ತು, ಊಟಕ್ಕೆ. ನಗು ಬಂದ್ರೆ ನಗಿ. ಮಾರನೇ ದಿನ ಸೈಕಾಲಜಿಸ್ಟ್‌ಗೆ ಫೋನ್ ಮಾಡಿ ಮೇಡಂ ನಿಮ್ಮ ಪ್ರಶ್ನೆಗೆ ಉತ್ತರ ಇನ್ನೂ ಇಲ್ಲ ಅಂದೆ, ಬನ್ನಿ ಹುಡುಕೋಣ ಅಂದ್ರು, ಈಗ್ಲೂ ತಿಂಗಳಿಗೊಂದ್ಸಲ ಹೋಗ್ತೀನಿ.

ಗೆಳೆಯನಿಗೂ ಒಂದು ಥ್ಯಾಂಕ್ಸ್. ಇಪ್ಪತ್ತು ವರ್ಷದಿಂದ ನಾವು ಭೇಟಿಯಾಗೋದು ಅಂದ್ರೆ ತಿನ್ನೋಕೆ ಹೋಗೋದು. ಇವನು ಏನೂ ಹೇಳ್ದೆ, ಯಾವ ಭಾಷಣಾನೂ ಇಲ್ದೆ, ಒಂದಿನ ಶೂ ಹಾಕ್ಕೊಂಡು ಬಂದು ಬಾರೋ ಒಂದ್ರೌಂಡ್ ನಡೆದು ಬರೋಣ ಅಂದ. ಅವತ್ತಿಂದ ನಮ್ಮ ಹರಟೆಯೆಲ್ಲ ನಡೀತಾನೇ. ಅವನೇ ನಾಲ್ಕು ಕೆಜಿ ಇಳಿದಿದ್ದಾನೆ, ನನ್ನ ಆಪರೇಷನ್ ಖರ್ಚಲ್ಲಿ.

ಆಪರೇಷನ್ ಅಂದ್ರೆ ತೂಕ ಇಳಿಸೋಕೆ ಶಾರ್ಟ್‌ಕಟ್ ಅಂದವ್ರಿಗೆ ಏನೂ ಹೇಳಲ್ಲ, ಆ ಎರಡು ವಾರದ ಶೇಕ್ ಕುಡಿದು ಬನ್ನಿ, ಆಮೇಲೆ ಮಾತಾಡೋಣ.

ಕೊನೆಗೆ ಹೆಂಡ್ತಿ. ಅವಳು ಸರ್ಜರಿ ಆದಾಗಿಂದ ಚಿಕ್ಕ ಚಮಚದಲ್ಲೇ ತಿಂತಿದ್ದಾಳೆ, ನಾನೊಬ್ನೇ ಕೂತು ಅಗೀತಿರೋದು ನೋಡೋಕಾಗಲ್ಲ ಅಂತ. ನಮ್ಮನೇಲಿ ಈಗ ಊಟ ಅರ್ಧ ಗಂಟೆ, ಕೊನೇಲಿ ಏಳೋನು ನಾನೇ, ಬಡಿಸ್ಕೊಳ್ಳೋ ಮುಂಚೆ ಮುಗಿಸ್ತಿದ್ದೋನು. ನಿನ್ನೆ ವರ್ಷ ತುಂಬಿದ್ದಕ್ಕೆ ಎಲ್ರೂ ಒಟ್ಟಿಗೆ ಕೂತಿದ್ವಿ, ಅಮ್ಮ ಅಭ್ಯಾಸಬಲದಿಂದ ಇನ್ನೊಂದು ಚಮಚ ಬಡಿಸೋಕೆ ಬಂದ್ರು, ಮಗಳು ತಟ್ಟೆ ಮೇಲೆ ಕೈ ಅಡ್ಡ ಇಟ್ಲು, ಅಮ್ಮ ಹಾಗೇ ತಿರುಗಿ ಅದನ್ನ ಗೆಳೆಯನ ತಟ್ಟೆಗೆ ಹಾಕಿದ್ರು.

ಇನ್ನೂ ಬರೀಬೇಕು ಅಂತಿತ್ತು, ಮೂರನೇ ಅಲಾರಾಂ ಬೈತಿದೆ, ಕ್ಯಾಲ್ಸಿಯಂ ತಗೊಂಡು ಬರ್ತೀನಿ.