ಶಾಸಕರೇ, ಆ ಫೋಟೊದಲ್ಲಿ ಇರುವವರು ನಮ್ಮಮ್ಮ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಹೊರಗೆ ಮಳೆ ಹಿಡಿದಿದೆ. ಹೊಲದಲ್ಲಿ ಕೆಸರು, ಕುಂಟೆ ಹೊಡೆಯೋಕೆ ಆಗಲ್ಲ. ಅದಕ್ಕೇ ಕೂತು ಬರೆಯಲು ಪುರುಸೊತ್ತು ಸಿಕ್ಕಿದೆ. 2024ರ ಜುಲೈನಲ್ಲಿ ಕೂತು ಹೋದ ವರ್ಷದ ಬರದ ಬಗ್ಗೆ ಬರೆಯುತ್ತಾನಲ್ಲ ಅಂತ ನಿಮಗೆ ಅನ್ನಿಸಬಹುದು. ಏನು ಮಾಡೋದು ಸಾರ್, ಮಾರ್ಚ್‌ನಲ್ಲಿ ನಿಮ್ಮ ಕಚೇರಿಗೆ ಬಂದಾಗ "ನೀತಿ ಸಂಹಿತೆ ಇದೆ, ಚುನಾವಣೆ ಮುಗೀಲಿ" ಅಂದರು. ಜೂನ್‌ನಲ್ಲಿ ಬಂದಾಗ "ಮಳೆ ಆಯ್ತಲ್ಲಪ್ಪ, ಇನ್ನೇನು?" ಅಂದರು. ಬರದ ಅರ್ಜಿ ಕೊಡೋಕೆ ಯಾವ ತಿಂಗಳು ಸರಿ ಅಂತ ಒಂದು ಬೋರ್ಡಾದರೂ ಹಾಕಿಸಿ.

ನಮ್ಮದು ಬಯಲುಸೀಮೆ. ಮೂರೂವರೆ ಎಕರೆ ಮಳೆಯಾಶ್ರಿತ ಜಮೀನು. ಕೊಳವೆಬಾವಿ ಒಂದಿತ್ತು, ನಿಂತು ಆರು ವರ್ಷ ಆಯಿತು. 2023ರ ಜೂನ್‌ನಲ್ಲಿ ರಾಜ್ಯದಲ್ಲಿ ಮಳೆ ವಾಡಿಕೆಗಿಂತ ಶೇ 56 ಕಡಿಮೆ ಆಗಿತ್ತು. ಜುಲೈ ಕೊನೆಗೆ ಒಂದು ಹದ ಮಳೆ ಬಂತು. ಬಿತ್ತಿಬಿಟ್ಟೆವು. ಬೀಜ, ಗೊಬ್ಬರ, ಬೇಸಾಯ, ಆಳು ಎಲ್ಲ ಸೇರಿ ನಲವತ್ತೆಂಟು ಸಾವಿರ ರೂಪಾಯಿ. ಅದರಲ್ಲಿ ಮೂವತ್ತು ಸಾವಿರ ಸಂಘದ ಸಾಲ, ನಮ್ಮ ಮನೆಯವಳ ಹೆಸರಲ್ಲಿ. ಶೇಂಗಾ ಚೆನ್ನಾಗಿಯೇ ಹುಟ್ಟಿತು. ಆಮೇಲೆ ಆಗಸ್ಟ್ ಬಂತು. ಆ ತಿಂಗಳು ರಾಜ್ಯದಲ್ಲಿ ಶೇ 73ರಷ್ಟು ಮಳೆ ಕೊರತೆ. ಹೂವಾಗಿ ಕಾಯಿ ಕಟ್ಟುವ ಹೊತ್ತಿಗೆ ಗಿಡ ಬಾಡಿತು. ಬೆಳಗ್ಗೆ ಎಲೆ ಸ್ವಲ್ಪ ಎದ್ದು ನಿಲ್ಲುತ್ತಿತ್ತು, ಹನ್ನೊಂದು ಗಂಟೆಗೆ ಮತ್ತೆ ಮಲಗುತ್ತಿತ್ತು. ಕೊನೆಗೆ ಬೆಳಗ್ಗೆಯೂ ಏಳಲಿಲ್ಲ.

ಸೆಪ್ಟೆಂಬರ್ ಮಧ್ಯಕ್ಕೆ ಸರ್ಕಾರ 195 ತಾಲ್ಲೂಕುಗಳಲ್ಲಿ ಬರ ಅಂತ ಘೋಷಿಸಿತು. ಕೊನೆಗೆ ಅದು 236ರಲ್ಲಿ 223 ಆಯಿತು. ನಮ್ಮದೂ ಸೇರಿತು, ಸಂತೋಷ. ಬರಪೀಡಿತ ಅಂತ ಸೇರಿದ್ದಕ್ಕೆ ಸಂತೋಷಪಡುವ ಸ್ಥಿತಿ ನೋಡಿ ನಮ್ಮದು.

ಈಗ ವಿಷಯಕ್ಕೆ ಬರುತ್ತೇನೆ. ಮನೆಯಲ್ಲಿ ಎರಡು ಎತ್ತು, ಒಂದು ಹಸು. ಹುಲ್ಲು ಮುಗಿದಿತ್ತು. ಒಣಗಿದ ಶೇಂಗಾ ಗಿಡವನ್ನೇ ಕಿತ್ತು ದನಗಳಿಗೆ ಹಾಕತೊಡಗಿದೆವು. ನಲವತ್ತೆಂಟು ಸಾವಿರ ರೂಪಾಯಿಯ ಮೇವು ಅದು. ನಮ್ಮ ಎತ್ತುಗಳು ಅಷ್ಟು ದುಬಾರಿ ಊಟ ಯಾವತ್ತೂ ಮಾಡಿರಲಿಲ್ಲ. ಇನ್ನು ನಾಲ್ಕು ಸಾಲು ಉಳಿದಿದ್ದಾಗ ಬೆಳೆ ಸಮೀಕ್ಷೆಯ ಹುಡುಗ ಮೊಬೈಲು ಹಿಡಿದು ಬಂದ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಪ್ಲಾಟಿಗೆ ಇಷ್ಟು ಅಂತ ದುಡ್ಡು ಅವನಿಗೆ, ಸಂಜೆಯೊಳಗೆ ಅರ್ಧ ಊರು ಮುಗಿಸಬೇಕು. ಬದುವಿನ ಮೇಲೆ ನಿಂತ, ಫೋಟೊ ಹೊಡೆದ, ಹೋದ.

ಜನವರಿಯಲ್ಲಿ ಬರ ಪರಿಹಾರದ ಮೊದಲ ಕಂತು ಅಂತ ಎರಡು ಸಾವಿರದವರೆಗೆ ಊರಲ್ಲಿ ಹಲವರ ಖಾತೆಗೆ ಬಂತು. ನಮಗೆ ಬರಲಿಲ್ಲ. ಆಧಾರ್ ಜೋಡಣೆ ಸರಿ ಇದೆಯಾ ನೋಡಿಸಿದೆ, ಇದೆ. ಫ್ರೂಟ್ಸ್ ಐಡಿ, ಅಂದರೆ ರೈತರ ನೋಂದಣಿ ನಂಬರು, ಇದೆ. ಪಹಣಿ ನನ್ನ ಹೆಸರಲ್ಲೇ ಇದೆ. ನಾಲ್ಕು ಸಲ ಅಲೆದ ಮೇಲೆ ಕಚೇರಿಯೊಂದರಲ್ಲಿ ಒಬ್ಬರು ಕಂಪ್ಯೂಟರ್ ಪರದೆ ನನ್ನ ಕಡೆ ತಿರುಗಿಸಿದರು. ನಮ್ಮ ಸರ್ವೆ ನಂಬರು. ಬೆಳೆ: ಪಾಳು.

ಕೆಳಗೆ ಫೋಟೊ ಇತ್ತು. ನಮ್ಮದೇ ಹೊಲ, ನಮ್ಮದೇ ಬೇವಿನ ಮರ. ಎಡಗಡೆ ಮೂಲೆಯಲ್ಲಿ ನಮ್ಮಮ್ಮ. ತಲೆಯ ಮೇಲೆ ಒಣಗಿದ ಶೇಂಗಾ ಗಿಡದ ಹೊರೆ, ಬೇರಿನ ಮಣ್ಣು ಸೆರಗಿನ ಮೇಲೆ ಉದುರಿದೆ. ಫೋಟೊ ತೆಗೆಯುತ್ತಿದ್ದಾರೆ ಅಂತ ಸ್ವಲ್ಪ ನಕ್ಕಿದ್ದಾಳೆ ಬೇರೆ.

"ಸಾರ್, ಅದು ಶೇಂಗಾ ಹೊರೆ. ಆ ಹೊಲದ್ದೇ" ಅಂದೆ.

ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಅದು ಮೇವು ಕಣ್ರೀ, ಬೆಳೆ ಅಲ್ಲ. ಬೆಳೆ ನೆಲದಲ್ಲಿ ಇರಬೇಕು."

ನೆಲದಲ್ಲಿ ಇರೋಕೆ ಮಳೆ ಬರಬೇಕಿತ್ತು, ಅಲ್ವಾ ಸಾರ್?

ನಿಯಮ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಶೇ 33 ಅಥವಾ ಅದಕ್ಕಿಂತ ಜಾಸ್ತಿ ಬೆಳೆ ಹಾಳಾದರೆ ಪರಿಹಾರ. ನಮ್ಮದು ಪೂರ್ತಿ ಹಾಳಾಯಿತು, ಅದಕ್ಕೇ ಇಲ್ಲ. ಅರ್ಧ ಒಣಗಿದ್ದರೆ ನಾನು ಸಂತ್ರಸ್ತ, ಪೂರ್ತಿ ಒಣಗಿದ್ದರಿಂದ ಸೋಮಾರಿ, ಹೊಲ ಪಾಳು ಬಿಟ್ಟವನು. ಸಮೀಕ್ಷೆಯಲ್ಲಿ ಏನು ಬರೆದಿದ್ದಾರೆ ಅಂತ ತೋರಿಸುವ ಬೆಳೆ ದರ್ಶಕ ಆ್ಯಪ್‌ನಲ್ಲಿ ಆಕ್ಷೇಪಣೆ ಹಾಕಬೇಕಿತ್ತಂತೆ. ಆ ಆ್ಯಪ್ ಹೆಸರು ನಾನು ಮೊದಲು ಕೇಳಿದ್ದೇ ಅದರ ಗಡುವು ಮುಗಿದ ಮೇಲೆ.

ನಾನು ಕೇಳುತ್ತಿರುವುದು ಒಂದೇ. ಆ ಫೋಟೊ ತೆಗೆಸಿ ನೋಡಿ. ನೋಡಿ, ದಾಖಲೆ ತಿದ್ದಿಸಿ. ನಮ್ಮೂರಲ್ಲೇ ಹೀಗೆ ಪಾಳು ಅಂತಾದ ಹನ್ನೊಂದು ಮನೆಗಳಿವೆ, ಅವರದ್ದೂ ನೋಡಿಸಿ.

ನಿಮ್ಮ ಪಕ್ಷದವರು, ಎದುರು ಪಕ್ಷದವರು ಮಾತಾಡಿದ್ದೆಲ್ಲ ಟಿ.ವಿ.ಯಲ್ಲಿ ಕೇಳಿದ್ದೇವೆ. ರಾಜ್ಯ ಕೇಂದ್ರಕ್ಕೆ ಕೇಳಿದ್ದು 18,171 ಕೋಟಿ. ಅಕ್ಟೋಬರ್‌ನಲ್ಲಿ ಕೇಂದ್ರದ ತಂಡ ಬಂದು ನೋಡಿಕೊಂಡು ಹೋಯಿತು. ದುಡ್ಡು ಬರಲಿಲ್ಲ ಅಂತ ಮಾರ್ಚ್‌ನಲ್ಲಿ ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. ಏಪ್ರಿಲ್ ಕೊನೆಗೆ 3,454 ಕೋಟಿ ಬಿಡುಗಡೆ ಆಯಿತು. ಕೇಂದ್ರ ಕೊಡಲಿಲ್ಲ ಅಂತ ಒಬ್ಬರು, ರಾಜ್ಯ ತಡಮಾಡಿತು ಅಂತ ಇನ್ನೊಬ್ಬರು. ಇಬ್ಬರದ್ದೂ ಸ್ವಲ್ಪ ಸ್ವಲ್ಪ ನಿಜ ಇರಬಹುದು. ಆದರೆ ನಮ್ಮಮ್ಮನ ಫೋಟೊಗೂ ದೆಹಲಿಗೂ ಏನೂ ಸಂಬಂಧ ಇಲ್ಲ ಸಾರ್. ಅದು ಇಲ್ಲೇ, ನಿಮ್ಮ ಮನೆಯಿಂದ ಹದಿನೆಂಟು ಕಿಲೋಮೀಟರ್ ದೂರದಲ್ಲಿ ಆದ ತಪ್ಪು. ಅದನ್ನು ತಿದ್ದೋಕೆ ಸುಪ್ರೀಂ ಕೋರ್ಟ್ ಬೇಕಾಗಿಲ್ಲ.

ಹಾಗಂತ ಲಕ್ಷಾಂತರ ಏನೂ ಅಲ್ಲ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ಅದೂ ಎರಡು ಹೆಕ್ಟೇರಿಗೆ ಮಾತ್ರ. ನನ್ನ ಜಮೀನಿಗೆ ಲೆಕ್ಕ ಹಾಕಿದರೆ ಹನ್ನೆರಡು ಸಾವಿರ ಚಿಲ್ಲರೆ. ಹಾಕಿದ್ದರಲ್ಲಿ ಕಾಲು ಭಾಗ. ಒಂದು ಎತ್ತನ್ನು ಫೆಬ್ರವರಿ ಸಂತೆಯಲ್ಲಿ ಕೇಳಿದ ರೇಟಿಗೆ ಕೊಟ್ಟೆ. ಬರದಲ್ಲಿ ಎಲ್ಲರೂ ಮಾರುವವರೇ. ಈ ಸಲ ಉಳುಮೆಗೆ ಟ್ರ್ಯಾಕ್ಟರ್ ಬಾಡಿಗೆ, ಒಂಟಿ ಎತ್ತು ಕೊಟ್ಟಿಗೆಯಲ್ಲಿ ಸುಮ್ನೆ ನಿಂತಿದೆ. ಗೋಶಾಲೆ ತೆರೆದಿದ್ದರು, ನಿಜ. ನಮ್ಮೂರಿಂದ ಇಪ್ಪತ್ತೆರಡು ಕಿಲೋಮೀಟರ್. ಬಡಕಲು ಎತ್ತು ಅಷ್ಟು ದೂರ ನಡೆಯಬಲ್ಲದಾಗಿದ್ದರೆ ಅದಕ್ಕೆ ಮೇವಿನ ಕೊರತೆ ಆಗಿದೆ ಅಂತ ಯಾರು ತಾನೇ ಹೇಳುತ್ತಿದ್ದರು?

ಕುಡಿಯುವ ನೀರಿನ ಕಥೆ ಬರೆಯಲ್ಲ. ಟ್ಯಾಂಕರ್ ಬರುತ್ತಿತ್ತು, ಮೂರು ದಿನಕ್ಕೊಮ್ಮೆ, ಮನೆಗೆ ಎಂಟು ಕೊಡ. ಅಷ್ಟರಮಟ್ಟಿಗೆ ನಿಮಗೆ ಥ್ಯಾಂಕ್ಸ್.

ನೀವು ತಾಲ್ಲೂಕಿನ ಟಾಸ್ಕ್‌ಫೋರ್ಸ್ ಅಧ್ಯಕ್ಷರು. ಬರದ ಸಭೆಗಳೆಲ್ಲ ನಿಮ್ಮ ಮುಂದೆಯೇ ನಡೆದವು. ಮುಂದಿನ ಸಲಕ್ಕಾದರೂ ಒಂದು ಕೆಲಸ ಮಾಡಿಸಿ. ದುಡ್ಡು ಹಾಕುವ ಮೊದಲು ಯಾರ ಹೊಲದಲ್ಲಿ ಏನು ಬೆಳೆ ಅಂತ ಬರೆದುಕೊಂಡಿದ್ದೀರಿ, ಆ ಪಟ್ಟಿಯನ್ನು ಪಂಚಾಯ್ತಿ ಗೋಡೆಗೆ ಅಂಟಿಸಿ. ಹದಿನೈದು ದಿನ ಇರಲಿ. ಓದಲು ಬರದವರಿಗೆ ಪಕ್ಕದವರು ಓದಿ ಹೇಳುತ್ತಾರೆ. ಒಂದು ಸಲ ಗ್ರಾಮಸಭೆಯಲ್ಲಿ ಜೋರಾಗಿ ಓದಿಸಿ. ಯಾರು ಬಿತ್ತಿದ್ದರು, ಯಾರು ಪಾಳು ಬಿಟ್ಟಿದ್ದರು ಅಂತ ಊರಿಗೆ ಗೊತ್ತು. ಪಾಳು ಬಿಟ್ಟವನ ಖಾತೆಗೆ ದುಡ್ಡು ಬಿದ್ದಿದ್ದೂ ಊರಿಗೆ ಗೊತ್ತು, ಆ ಮಾತು ಈಗ ಬೇಡ.

ಅದು ಮುಂದಿನ ಸಲದ ಮಾತು. ಈ ಸಲದ್ದು ಆ ಫೋಟೊ. ದಯವಿಟ್ಟು ಅದನ್ನು ತೆಗೆಸಿ ನೋಡಿ. ನಮ್ಮಮ್ಮನಿಗೆ ಈ ವಿಷಯ ಹೇಳಿದಾಗ ಅವಳು ಕೇಳಿದ್ದು, "ಹಂಗಾದ್ರೆ ನಾನು ಆವತ್ತು ತಲೆ ಮೇಲೆ ಹೊತ್ತಿದ್ದು ಏನಂತೆ?" ಅಂತ. ಉತ್ತರ ಗೊತ್ತಿದ್ದರೆ ನೀವೇ ಬಂದು ಹೇಳಿ. ಓಟು ಕೇಳಲು ಬಂದಾಗ ಅವಳು ಕೊಟ್ಟ ಮಜ್ಜಿಗೆ ಕುಡಿದು "ಅಮ್ಮಾ" ಅಂತಲೇ ಕರೆದಿದ್ದಿರಿ, ನೆನಪಿರಬಹುದು.

ಸರ್ವೆ ನಂಬರು, ಫ್ರೂಟ್ಸ್ ಐಡಿ, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್ ಎಲ್ಲ ಅರ್ಜಿಯ ಜೊತೆ ಇದೆ. ಅರ್ಜಿ ನಿಮ್ಮ ಪಿಎ ಹತ್ತಿರ ಇದೆ. ಮೂರು ಸಲ ಕೊಟ್ಟಿದ್ದೇನೆ, ಮೂರರಲ್ಲಿ ಒಂದಾದರೂ ಸಿಗುತ್ತದೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ರೈತ